ಕೆಳಗ, ಮ್ಯಾಲ, ಕೆಳಗ, ಮ್ಯಾಲ

ಖಾಸಬಾಗ, ಬೆಳಗಾವಿ
ಜೂನ್ 23, 2024

ಸೃಷ್ಟಿ,

ಶರಣು. ನಾನೂ ನಿಮ್ಮ ಅತ್ತೀನೂ ಗಟ್ಟಿಮುಟ್ಟ ಅದೇವಿ. ನೀ ಪಾಲಿವಾಡದ ಸಾಲಿಗೆ ಹಾಜರಾಗಿ ಮೂರು ವಾರಾತು. ಜಾಂಬೋಟಿ ದಾಟಿದ ಮ್ಯಾಲ ಫೋನ್ ಹತ್ತೂದಿಲ್ಲ ಅಂತ ಹೇಳಿದ್ದಿ. ಹತ್ತಿದ್ರೂ ನನಗ ಫೋನಿನ ಮಾತು ಸಮಾ ತಿಳಿಯೂದಿಲ್ಲ, ಈಗಿನ ಫೋನೇ ಸರಿ ಇಲ್ಲ. ಅದಕ್ಕ ಕಾಗದ ಬರಿಯಾಕ ಕುಂತೀನಿ.

ಮೊದಲ ಒಂದು ತಪ್ಪು ಒಪ್ಪಿಕೊಂಡ ಬಿಡ್ತೀನಿ. ಐದು ವರ್ಷ ನಮ್ಮ ಮನ್ಯಾಗಿದ್ದು ನೀ ಡಿಗ್ರಿ, ಬಿ.ಎಡ್. ಮುಗಿಸಿದಿ. ಹೋಗುವಾಗ ಗಿಟಾರ್ ಅಷ್ಟ ಬಿಟ್ಟ ಹ್ವಾದಿ. ಎರಡು ವರ್ಷದಿಂದ ಅದು ಪೆಟ್ಟಿಗ್ಯಾಗ ಮಲಗಿತ್ತು. ಮಳಿ ಹತ್ತಿತಲ್ಲ, ಬೂಸ್ಟು ಹಿಡದೀತು ಅಂತ ಹೊರಗ ತಗದೆ. ತಂತಿಗೆ ತುಕ್ಕು ಬಂದಿತ್ತು. ಒರಸುವಾಗ ಹೆಬ್ಬಟ್ಟು ದಪ್ಪ ತಂತಿಗೆ ತಾಗಿತು. ಗಿಟಾರಿನ ಹೊಟ್ಟಿ ನನ್ನ ಎದಿಗೆ ಆನಿಕೊಂಡಿತ್ತು ನೋಡು, ಎದಿಯಾಗ ಗುಂ ಅಂತು. ಕಾರಖಾನ್ಯಾಗ ಲೇಥ್ ಮಷೀನ್ ಚಾಲೂ ಮಾಡಿದಾಗ ಕಾಲಾಗ ಏರತಿತ್ತಲ್ಲ, ಅಂಥಾ ಗುಂ.

ಮೂವತ್ತೆಂಟು ವರ್ಷ ಉದ್ಯಮಬಾಗದಾಗ ಲೇಥ್ ನಡಿಸಿದ ಕೈ ಇವು. ಏಪ್ರಿಲ್‌ದಾಗ ಶಾಲು ಹೊಚ್ಚಿ, ಹಾರ ಹಾಕಿ ಮನಿಗೆ ಕಳಿಸಿದ್ರು. ಮರುದಿನದಿಂದ ಕೈಗೆ ಕೆಲಸಿಲ್ಲ. ತೊಗರಿ ಬ್ಯಾಳಿ ಹಸನ ಮಾಡಿದೆ. ಗಡಿಯಾರ ಬಿಚ್ಚಿ ಕೂಡಿಸಿದೆ. ನಿಮ್ಮ ಅತ್ತಿ ಮಿಕ್ಸರ್ ಎರಡು ಸಲ ರಿಪೇರಿ ಮಾಡಿದೆ, ಅದು ಕೆಟ್ಟಿದ್ದಿಲ್ಲ.

ಅವತ್ತಿಂದ ದಿನಾ ಒಂದು ತಾಸು ಗಿಟಾರ್ ಹಿಡಕೊಂಡು ಕುಂದರ್ತೀನಿ. ನೀ ನುಡಿಸುವಾಗ ನಾ ಬಾಗಲಾಗ ನಿಂತು ನೋಡತಿದ್ದೆ. ನಿನ್ನ ಬಲಗೈ ಕಣ್ಣಿಗೆ ಸಿಗತಿದ್ದಿಲ್ಲ, ಅಷ್ಟು ಜಲ್ದಿ. ನನಗೂ ಹಂಗ ಜಲ್ದಿ, ಹಂಗ ಸ್ವಚ್ಛ ನುಡಿಸಬೇಕಾಗೈತಿ. ಪೆಟ್ಟಿಗಿ ಕಿಸೆದಾಗ ಮೂರು ಮೂಲಿ ಪ್ಲಾಸ್ಟಿಕ್ ಚೂರು ಸಿಕ್ಕೈತಿ. ಅದನ್ನ ಹ್ಯಾಂಗ ಹಿಡಿಯೂದು, ಬರದು ಕಳಸು.

ಸಿಟ್ಟಾಗಬ್ಯಾಡ.

ನಿನ್ನ ಮಾಮಾ,
ಗುರುಪಾದಪ್ಪ


ಪಾಲಿವಾಡ, ತಾ. ಖಾನಾಪುರ
ಜುಲೈ 9, 2024

ಮಾಮಾ, ಅತ್ತೀ, ಇಬ್ಬರಿಗೂ ನಮಸ್ಕಾರ.

ನಿಮ್ಮ ಕಾಗದ ಪೋಸ್ಟಿನಿಂದ ಜಾಂಬೋಟಿಗೆ ಬಂದು, ಅಲ್ಲಿಂದ ಬಸ್ಸಿನ ಕಂಡಕ್ಟರ್ ಕೈಯಾಗ ನಮ್ಮ ಸಾಲಿಗೆ ಬಂತು. ಇಲ್ಲೆ ಇಪ್ಪತ್ತೇಳು ಮಕ್ಕಳು, ಇಬ್ಬರು ಮಾಸ್ತರು. ಬಂಡೆಪ್ಪ ಸರ್ ಹೆಡ್‌ಮಾಸ್ತರು, ನಾ ಉಳಿದದ್ದೆಲ್ಲಾ. ಮಕ್ಕಳು ಮನ್ಯಾಗ ಮರಾಠಿ, ಸಾಲ್ಯಾಗ ಕನ್ನಡ. ನಾ "ಕುಂದರ್ರಿ" ಅಂದ್ರ ನಗತಾವ, ಅದನ್ನ ಮರಾಠಿಯೊಳಗ "ಬಸಾ" ಅಂದ್ರ ಇನ್ನೂ ಜೋರ ನಗತಾವ. ಯಾಕಂತ ಇನ್ನೂ ತಿಳದಿಲ್ಲ. ಬಾಳವ್ವ ಅನ್ನೋ ಅಜ್ಜಿ ಮನ್ಯಾಗ ಒಂದು ಖೋಲಿ ಸಿಕ್ಕೈತಿ. ಅಕಿಗೆ ನಾಕು ಎಮ್ಮಿ ಅದಾವ. ಮಳಿ ಎಷ್ಟಂದ್ರ ಖಡು ಸೈತ ಹಸಿ, ಹಲಗಿ ಮ್ಯಾಲ ಮೂಡೂದಿಲ್ಲ.

ಗಿಟಾರ್ ಬಗ್ಗೆ. ಅದನ್ನ ಯಾರಿಗಾದ್ರೂ ಕೊಟ್ಟ ಬಿಡ್ರಿ. ನನಗ ಬ್ಯಾಡ. ನೀವು ತಪ್ಪು ಒಪ್ಪಿಕೊಳ್ಳೂವಂಥಾದ್ದು ಏನೂ ಇಲ್ಲ.

ಅತ್ತಿ ಮಾಡಿ ಕೊಟ್ಟ ಶೇಂಗಾ ಚಟ್ನಿ ಮುಗೀತು.

ಸೃಷ್ಟಿ

ಕಾಗದ ಮಡಚಿ ಲಕೋಟ್ಯಾಗ ಹಾಕಿ ಮತ್ತ ಹೊರಗ ತಗದೆ. ಆ ಪ್ಲಾಸ್ಟಿಕ್ ಚೂರಿಗೆ ಪಿಕ್ ಅಂತಾರ. ತೋರಬೆರಳು ಸ್ವಲ್ಪ ಬಗ್ಗಿಸ್ರಿ, ಅದರ ಬಾಜೂಕ ಪಿಕ್ ಇಟ್ಟು ಮ್ಯಾಲ ಹೆಬ್ಬಟ್ಟು ಇಡ್ರಿ. ತುದಿ ಅಕ್ಕಿಕಾಳಿನಷ್ಟ ಹೊರಗ ಕಾಣಬೇಕು, ಅದಕಿಂತ ಹೆಚ್ಚಲ್ಲ. ಒಮ್ಮೆ ಕೆಳಗ ಹೊಡದ್ರ ಮುಂದಿಂದು ಮ್ಯಾಲ. ಕೆಳಗ, ಮ್ಯಾಲ, ಕೆಳಗ, ಮ್ಯಾಲ. ಎರಡು ಸಲ ಕೂಡಿ ಕೆಳಗ ಹೊಡೀಬಾರದು. ಇಷ್ಟ.


ಖಾಸಬಾಗ
ಜುಲೈ 18, 2024

ಸೃಷ್ಟಿ,

ಗಿಟಾರ್ ಯಾರಿಗೂ ಕೊಡೂದಿಲ್ಲ. ಕೊಡಬೇಕಂದ್ರ ನೀನ ಬಂದು ಕೊಡು.

ತುದಿ ಅಕ್ಕಿಕಾಳಿನಷ್ಟ ಅಂತ ಬರದೀಯಲ್ಲ, ಅದು ಓದಿ ನಾ ಒಬ್ಬನ ನಕ್ಕೆ. ಲೇಥಿನ್ಯಾಗೂ ಇದ ಮಾತು. ಲೋಹ ಕೊರಿಯೂ ಟೂಲ್ ಹೊರಗ ಉದ್ದ ಬಿಟ್ಟಿ ಅಂದ್ರ ಅದು ನಡಗತೈತಿ, ಲೋಹದ ಮ್ಯಾಲ ಗೆರಿ ಗೆರಿ ಬೀಳತಾವ. ಗಿಡ್ಡ ಇಟ್ಟಷ್ಟೂ ಮೈ ಕನ್ನಡಿ ಆಗತೈತಿ. ಹೊಸ ಹುಡುಗರಿಗೆ ಇದನ್ನ ಹೇಳಿ ಹೇಳಿ ನನ್ನ ಬಾಯಿ ಸವೆದಿತ್ತು. ಈಗ ನನಗ ನೀ ಹೇಳಿದಿ.

ಒಂದ ತಂತಿ ಮ್ಯಾಲ ಕೆಳಗ, ಮ್ಯಾಲ ಮಾಡಾಕತ್ತೀನಿ. ಮೊದಲು ಪಿಕ್ ಹಾರಿ ಹೋಗತಿತ್ತು. ಒಂದು ಸಲ ಸಾರಿನ ಭಾಂಡೇದಾಗ ಬಿತ್ತು. ನಿಮ್ಮ ಅತ್ತಿ ಏನೋ ಅಂದ್ಲು, ಏನಂತ ತಿಳೀಲಿಲ್ಲ, ತಿಳೀದಿದ್ದ ಛಲೋ ಆತು. ಈಗ ಹಾರೂದಿಲ್ಲ. ಆದ್ರ ಜಲ್ದಿ ಹೋದ್ನೆಂದ್ರ ಕೈ ಎಡವತೈತಿ. ಜಲ್ದಿ ಹೋಗೂದು ಹ್ಯಾಂಗ?

ಇನ್ನೊಂದು ಮಾತು. ನಿನ್ನ ಪಿಕ್ಕಿನ ಒಂದು ಅಂಚು ಅಷ್ಟ ಪೂರಾ ಸವೆದೈತಿ. ನಡುವ ಸಣ್ಣ ಬಿರುಕು ಐತಿ. ಟೂಲ್ ನೋಡಿ ಅದನ್ನ ನಡಿಸಿದವರ ಕೈ ಹೇಳೂದು ನನ್ನ ಕೆಲಸಾಗಿತ್ತು. ಇದನ್ನ ಹಿಡಿದವರು ಬಾಳ ಬಿಗಿ ಹಿಡದಿದ್ರು. ನಾ ಏನೂ ಕೇಳೂದಿಲ್ಲ. ಕಂಡಿದ್ದು ಹೇಳಿದೆ.

ಚಟ್ನಿ ಬಸ್ಸಿಗೆ ಕೊಟ್ಟೀನಿ.

ಮಾಮಾ


ಪಾಲಿವಾಡ
ಆಗಸ್ಟ್ 14, 2024

ಮಾಮಾರಿಗೆ,

ಉತ್ತರ ಬರಿಯಾಕ ತಡಾ ಮಾಡಿದೆ. ಮೂರು ಸಲ ಬರದು ಹರದೆ.

ಜಲ್ದಿ ಹೋಗೂದು ಹ್ಯಾಂಗ ಅಂದ್ರಿ. ಸಾವಕಾಶ ಹೋಗೂದರಿಂದ. ಮೊಬೈಲಿನ್ಯಾಗ ಟಕ್ ಟಕ್ ಅನ್ನೂ ತಾಳದ ಆ್ಯಪ್ ಹಾಕ್ಕೋರಿ. ಮಿನಿಟಿಗೆ ಅರವತ್ತು ಇಡ್ರಿ. ಒಂದು ಟಕ್ಕಿಗೆ ನಾಕು ಹೊಡೆತ. ಎರಡು ಮಿನಿಟು ಒಂದ ತಂತಿ. ಪಿಕ್ ತಂತಿ ದಾಟಿ ದೂರ ಹೋಗಬಾರದು, ದಾಟಿದ ಕೂಡ್ಲೆ ತಿರುಗಬೇಕು. ನಾಕೂ ಹೊಡೆತ ಒಂದ ಸಮಾ ಕೇಳಬೇಕು. ಮೂರು ಸಲ ತಪ್ಪಿಲ್ಲದ ಬಂದ್ರ ಅರವತ್ತನಾಕು ಮಾಡ್ರಿ. ತಪ್ಪಿದ್ರ ಐವತ್ತಾರಕ್ಕ ಇಳೀರಿ. ಇಳಿಯಾಕ ನಾಚಬ್ಯಾಡ್ರಿ. ಭುಜ, ಮೊಣಕೈ, ದವಡಿ, ಎಲ್ಲೆ ಬಿಗಿ ಆತಂದ್ರೂ ನಿಲ್ಲಿಸ್ರಿ, ಕೈ ಜಾಡಸ್ರಿ, ಮತ್ತ ಸುರು ಮಾಡ್ರಿ.

ಇದೆಲ್ಲಾ ನನಗ ಗೊತ್ತಿತ್ತು, ಮಾಮಾ. ಗೊತ್ತಿದ್ದೂ ನಾ ಹಂಗ ಮಾಡಲಿಲ್ಲ.

ಡಿಗ್ರಿ ಕಡೇ ವರ್ಷ ಬೆಳಗಾವಿಯೊಳಗ ಕಾಲೇಜುಗಳ ಸಂಗೀತ ಸ್ಪರ್ಧೆ ಇತ್ತಲ್ಲ. ನಮ್ಮ ತಂಡ ಒಡೀತು ಅಂತ ನಿಮಗ ಹೇಳಿದ್ದೆ. ತಂಡ ಒಡಿದಿದ್ದಿಲ್ಲ. ಒಂದು ಭಾಗ ನೂರಾ ಅರವತ್ತರ ವೇಗದಾಗ ನುಡಿಸಬೇಕಿತ್ತು. ನನಗ ನೂರಾ ಇಪ್ಪತ್ತು ಸ್ವಚ್ಛ ಬರತಿತ್ತು. ಉಳಿದ ನಾಲ್ವತ್ತನ್ನ ಮೊಣಕೈ ಬಿಗಿ ಹಿಡದು ಎಳಕೊಂಡಿದ್ದೆ. ಮೂರು ತಿಂಗಳು ಕೈ ನೋಯತಿತ್ತು, ಯಾರಿಗೂ ಹೇಳಲಿಲ್ಲ. ವೇದಿಕಿ ಮ್ಯಾಲ ಆ ಭಾಗ ಬಂತು, ಕೈ ಹಂಗ ನಿಂತ ಬಿಟ್ಟಿತು. ಬೆರಳು ಬಿಚ್ಚಲಿಲ್ಲ. ಉಳಿದವರು ನನ್ನ ಮುಖ ನೋಡಕೊಂತ ನುಡಿಸಿದ್ರು. ಮುಂದ ಒಂದು ವಾರ ಪೆನ್ ಹಿಡಿಯಾಕ ಆಗಲಿಲ್ಲ. ಡಾಕ್ಟರು ಏನೂ ಮುರದಿಲ್ಲ, ವಿಶ್ರಾಂತಿ ಕೊಡ್ರಿ ಅಂದ್ರು. ನೋವು ಹೋತು, ಅಂಜಿಕಿ ಹೋಗಲಿಲ್ಲ. ತಂಡ ಒಡೀತು, ಪರೀಕ್ಷೆ ಬ್ಯಾರೆ ಐತಿ ಅಂತ ನಿಮಗ ಸುಳ್ಳು ಹೇಳಿ ಪೆಟ್ಟಿಗಿ ಮುಚ್ಚಿದೆ.

ನೀವು ಪಿಕ್ ನೋಡಿ ಹೇಳಿದ್ದು ಖರೇ.

ಅತ್ತೀಗೆ ಇದನ್ನ ಹೇಳಬ್ಯಾಡ್ರಿ, ಅಳತಾಳ.

ಸೃಷ್ಟಿ


ಖಾಸಬಾಗ
ಆಗಸ್ಟ್ 25, 2024

ನನ್ನ ಅವ್ವಾ,

ಅತ್ತೀಗೆ ಹೇಳಿದೆ. ಅತ್ತಳು. ಆಮ್ಯಾಲ ಕಣ್ಣು ಒರಸಿಕೊಂಡು, "ಅಕಿ ಕೈಗೆ ನಾ ಎಣ್ಣಿ ಹಚ್ಚಿ ತಿಕ್ಕತಿದ್ದೆ, ಒಂದ ಮಾತು ಹೇಳಿದ್ರ" ಅಂದ್ಲು. ಈ ಮಾತು ನಿನಗ ಮುಟ್ಟಸ್ರಿ ಅಂದಾಳ, ಮುಟ್ಟಿಸಿದೆ.

ನೀ ಹೇಳಿದ ಹಂಗ ಮಾಡಾಕತ್ತೀನಿ. ಮೊಬೈಲಿನ ಟಕ್ ಟಕ್ ಬಾಳ ಸಣ್ಣ ಬರತೈತಿ, ಅದರ ಸ್ಪೀಕರ್ ಹೋಗೈತಿ. ಅದಕ್ಕ ನಿಮ್ಮ ಅತ್ತೀನ ಹಿಂದ ಕುಂದರಸ್ತೀನಿ. ಅಕಿ ಒಂದು ಕೈಯಾಗ ಅಕ್ಕಿ ಆರಿಸಿಕೊಂತ, ಮೊಬೈಲ್ ಕೇಳಕೊಂತ, ಇನ್ನೊಂದು ಕೈಲೆ ನನ್ನ ಭುಜದ ಮ್ಯಾಲ ತಾಳ ಬಡೀತಾಳ. ತಪ್ಪಿದ್ರ ಜೋರ ಬಡೀತಾಳ. ಮದಿವ್ಯಾಗಿ ಮೂವತ್ತಾರು ವರ್ಷಾತು, ಇಷ್ಟು ಬಡಿಸಿಕೊಂಡಿದ್ದಿಲ್ಲ.

ನಿನ್ನ ಕೈ ಬಗ್ಗೆ ನನಗ ತಿಳಿದಿದ್ದು ಹೇಳ್ತೀನಿ. ಲೋಹ ಕೊರಿಯುವಾಗ ಜಲ್ದಿ ಮುಗೀಲಿ ಅಂತ ಒತ್ತಿದ್ರ ಟೂಲ್ ಮುರೀತೈತಿ. ಹುಡುಗರು ಟೂಲಿಗೆ ಬೈತಾರ. ಟೂಲಿನ ತಪ್ಪಲ್ಲ ಅದು. ನಿನ್ನ ಕೈಯ ತಪ್ಪೂ ಇಲ್ಲ. ಒತ್ತಿದಿ, ಅಷ್ಟ. ಮುರದಿದ್ದನ್ನ ಸಾಣಿ ಹಿಡದು ಮತ್ತ ಹಚ್ಚತಿದ್ವಿ ನಾವು, ಒಗೀತಿದ್ದಿಲ್ಲ.

ನನ್ನ ಸುದ್ದಿ ಕೇಳು. ತಾಳದಾಗ ಎಂಬತ್ತು ದಾಟೀನಿ. ನಾಕೂ ಹೊಡೆತ ಒಂದ ಸಮಾ, ಕನ್ನಡಿ ಹಂಗ. ಗಣಪತಿ ಹಬ್ಬಕ್ಕ ಬಾ, ಕೇಳಸ್ತೀನಿ.

ಮಾಮಾ


ಪಾಲಿವಾಡ
ಸೆಪ್ಟೆಂಬರ್ 22, 2024

ಮಾಮಾರಿಗೆ,

ಹಬ್ಬಕ್ಕ ಬಂದು ಹೋಗಿ ಹದಿನೈದು ದಿನಾತು. ಬಾಯಿಲೆ ಹೇಳಾಕ ಆಗದ್ದನ್ನ ಕಾಗದದಾಗ ಬರೀತೀನಿ. ಸಿಟ್ಟಾಗ್ರಿ, ಪರವಾಗಿಲ್ಲ.

ನೀವು ನುಡಿಸಿದ್ರಿ. ನಿಮ್ಮ ಕೈ ಛಲೋ ಐತಿ. ಸಡಲ ಐತಿ, ತಾಳ ಬಿಡೂದಿಲ್ಲ. ನಾಕು ವರ್ಷ ಕಲತವರ ಕೈ ಸೈತ ಹಂಗ ಇರೂದಿಲ್ಲ. ಆದ್ರ ಸ್ವಚ್ಛ ಇದ್ದಿಲ್ಲ, ಮಾಮಾ. ಬಾಜೂಕಿನ ತಂತಿ ಎಲ್ಲಾ ಕೂಡಿ ಗುಂಯ್‌ಗುಡತಿದ್ವು. ಪಿಕ್ ತಂತಿಗೆ ಕರಕರ ತಿಕ್ಕತಿತ್ತು. ಎಡಗೈ ಬೆರಳು ಪೂರಾ ಒತ್ತದ ಒಂದು ಸ್ವರ ಚರಕ್ ಅಂತಿತ್ತು. ನೀವು ನಗಕೊಂತ ನುಡಿಸಿದ್ರಿ, ನನ್ನ ಮುಖ ನೋಡಿದ್ರಿ, "ಕನ್ನಡಿ ಹಂಗ ಐತೆಲ್ಲ?" ಅಂದ್ರಿ. ನಾ ಹೌದ್ರಿ ಅಂದೆ.

ಆಗ ತಿಳೀತು. ಅತ್ತಿ ನಿಮ್ಮನ್ನ ಮೂರು ಸಲ ಕರೀತಾಳ. ಮೂರನೇ ಸಲ ಬಂದು ಭುಜ ಮುಟ್ಟತಾಳ. ಫೋನೂ ಕೆಟ್ಟಿಲ್ಲ, ಸ್ಪೀಕರೂ ಹೋಗಿಲ್ಲ. ನಾ ಐದು ವರ್ಷ ಅದ ಮನ್ಯಾಗ ಇದ್ದು ಇದನ್ನ ನೋಡಲಿಲ್ಲ ಅಂತ ನನಗ ನಾಚಿಕಿ ಆಗೈತಿ. ಕಾರಖಾನಿ ಸಪ್ಪಳದಾಗ ದುಡದವರ ಕಿವಿಗೆ ಹಿಂಗ ಆಗತೈತಂತ. ಕಿವಿ ತೋರಸ್ರಿ. ಮಷೀನ್ ಹಾಕ್ತಾರ, ಕಾಣೂದೂ ಇಲ್ಲ.

ಸೃಷ್ಟಿ


ಖಾಸಬಾಗ
ಅಕ್ಟೋಬರ್ 22, 2024

ಸೃಷ್ಟಿ,

ದಸರಾ ಸೂಟಿಗೆ ನೀ ಬೈಲಹೊಂಗಲಕ್ಕ ನಿಮ್ಮ ಅವ್ವನ ಕಡೆ ಹ್ವಾದಿ, ನಮ್ಮ ಮನೀಗೆ ಬರಲಿಲ್ಲ. ನಾ ಉತ್ತರ ಬರೀಲಿಲ್ಲ ಅಂತ ಬರಲಿಲ್ಲ. ಹೌದು, ಸಿಟ್ಟು ಬಂದಿತ್ತು.

ನಮ್ಮ ಕಾರಖಾನ್ಯಾಗ ಮಷೀನಿನ ದನಿ ಕೇಳಿ ಎಲ್ಲೆ ಬೇರಿಂಗ್ ಹೋಗೈತಿ ಅಂತ ಹೇಳುವಾತ ನಾನ ಇದ್ದೆ. ಬ್ಯಾರೆ ಶೆಡ್ಡಿನಿಂದ ಕರಿಯಾಕ ಬರತಿದ್ರು. ಅಂಥಾವನಿಗೆ ಕಿವಿ ಇಲ್ಲಂದ್ರ ಹ್ಯಾಂಗ? ಕಡೇ ಐದಾರು ವರ್ಷ ಯಾರೂ ಕರಿಯಾಕ ಬರಲಿಲ್ಲ. ಯಾಕ ಬರೂದಿಲ್ಲ ಅಂತ ನಾ ಕೇಳಲೂ ಇಲ್ಲ.

ಹೋದ ವಾರ ಕುಂತು ವಿಚಾರ ಮಾಡಿದೆ. ನೀ ಕೈ ಬಗ್ಗೆ ಅಂಜಿ ಪೆಟ್ಟಿಗಿ ಮುಚ್ಚಿದಿ. ನಾ ಕಿವಿ ಬಗ್ಗೆ ಅಂಜಿ ಫೋನಿಗೆ ಬೈದೆ. ಇಬ್ಬರೂ ಒಂದ ಮನಿತನದವರು.

ಅದಕ್ಕ ಒಂದು ಕರಾರು. ಗಿಟಾರ್ ಜಾಂಬೋಟಿ ಬಸ್ಸಿಗೆ ಕಳಿಸೀನಿ, ಬಂಡೆಪ್ಪ ಸರ್ ಇಳಿಸಿಕೋತಾರ. ಪೆಟ್ಟಿಗ್ಯಾಗ ಹೊಸ ಪಿಕ್ ಇಟ್ಟೀನಿ, ನಿನ್ನ ಹಳೇದು ನನ್ನ ಕಡೆ ಇರಲಿ. ದಿನಾ ಹತ್ತ ಮಿನಿಟು ನುಡಿಸು. ನಲವತ್ತರ ತಾಳ, ಅದಕಿಂತ ಜಲ್ದಿ ಬ್ಯಾಡ. ನೀ ಸುರು ಮಾಡೀನಿ ಅಂತ ಕಾಗದ ಬಂದ ಮರುದಿನ ನಾ ಕಿವಿ ತೋರಸ್ತೀನಿ.

ನನಗ ಗಿಟಾರ್ ಇಲ್ಲಂತ ಚಿಂತಿ ಮಾಡಬ್ಯಾಡ. ಹಳೇ ಬಾಗಲದ ಸಾಗವಾನಿ ಹಲಗಿ ಇತ್ತು. ಅದಕ್ಕ ಒಂದು ತಂತಿ ಬಿಗಿದು, ಕೆಳಗ ಡಬ್ಬಿ ಕೂಡಿಸಿ, ತುದಿಗೆ ನಟ್ಟು ಬೋಲ್ಟು ಹಾಕೀನಿ. ಸ್ಪ್ಯಾನರಲೆ ಶ್ರುತಿ ಮಾಡೂದು. ಕೆಳಗ, ಮ್ಯಾಲ ಮಾಡಾಕ ಒಂದು ತಂತಿ ಸಾಕಲ್ಲ?

ಮಾಮಾ


ಪಾಲಿವಾಡ
ನವೆಂಬರ್ 10, 2024

ಮಾಮಾ,

ಪೆಟ್ಟಿಗಿ ಬಂದು ಒಂದು ವಾರ ಮೂಲ್ಯಾಗ ನಿಂತಿತ್ತು. ಬಾಳವ್ವ ದಿನಾ ಬಂದು ನೋಡತಿದ್ದಳು. "ಬಾಈ, ಇದರಾಗ ಯಾರ ಅದಾರ?" ಅಂತ ಕೇಳಿದ್ಲು. ನಿನ್ನೆ ಅಕೀನ ಪೆಟ್ಟಿಗಿ ಚಿಲಕ ತಗದು, "ಪಾಪ, ಉಸರ ಕಟ್ಟೀತು" ಅಂದ್ಲು. ಮುಚ್ಚಾಕ ನನಗ ಮನಸು ಬರಲಿಲ್ಲ.

ಪಿಕ್ ಹಿಡಿಯೂಕ್ಕಿಂತ ಮೊದಲ ಮೊಣಕೈ ಬಿಗಿ ಆತು. ಇಟ್ಟೆ. ಹೊರಗ ಹೋಗಿ ಎಮ್ಮಿಗೆ ಮೇವು ಹಾಕಿ ಬಂದೆ. ಮತ್ತ ಹಿಡದೆ. ನೀವು ಬರದಿದ್ದು ನೆನಪಾತು, ಒತ್ತಬಾರದು. ಪಿಕ್ ಬೀಳತೈತಿ ಅನ್ನುವಷ್ಟು ಸಡಲ ಹಿಡದೆ. ಖರೇನ ಬಿತ್ತು. ಬಾಳವ್ವ ನಕ್ಕಳು, ನಾನೂ ನಕ್ಕೆ. ಬಿದ್ದಿದ್ದ ಛಲೋ ಆತು, ಅದಕಿಂತ ಒಂದು ಕೂದಲೆಳೆ ಬಿಗಿ ಹಿಡದ್ರ ಸಾಕು ಅಂತ ತಿಳೀತು. ಕೆಳಗ, ಮ್ಯಾಲ. ನಲವತ್ತರ ತಾಳ. ಅಷ್ಟು ಸಾವಕಾಶ ನಾ ಜನ್ಮದಾಗ ನುಡಿಸಿದ್ದಿಲ್ಲ. ಒಂದೊಂದು ಸ್ವರ ಪೂರಾ ಕೇಳಿದ್ದೂ ಇದ ಮೊದಲು.

ಹತ್ತ ಮಿನಿಟು ಆತು. ನೋವಿಲ್ಲ. ಇವತ್ತೂ ಹತ್ತ ಮಿನಿಟು.

ಈಗ ನಿಮ್ಮ ಪಾಳಿ.

ಸೃಷ್ಟಿ


ಖಾಸಬಾಗ
ನವೆಂಬರ್ 30, 2024

ಸೃಷ್ಟಿ,

ಮಾತಿಗೆ ತಪ್ಪಲಿಲ್ಲ. ಎರಡೂ ಕಿವಿಗೆ ಮಷೀನ್ ಹಾಕ್ಯಾರ. ಸಣ್ಣ ದನಿ, ತೀಕ್ಷ್ಣ ದನಿ ನನಗ ಕೇಳತಿದ್ದಿಲ್ಲಂತ, ಹದಿನೈದು ವರ್ಷದಿಂದ ಹಿಂಗ ಇರಬೇಕು ಅಂದ್ರು.

ಡಾಕ್ಟರ ಖೋಲಿಯಿಂದ ಹೊರಗ ಬಂದು ನಾಕು ಹೆಜ್ಜಿ ಇಟ್ಟು ಹಿಂದ ತಿರುಗಿ ನೋಡಿದೆ. ಯಾರೋ ಬೆನ್ನು ಹತ್ಯಾರ ಅನಿಸ್ತು. ನನ್ನ ಚಪ್ಪಲಿ ಸಪ್ಪಳ ಅದು. ಖಾಸಬಾಗ ಬಜಾರದಾಗ ಕಾಯಿಪಲ್ಲೆ ಮಾರೂ ಹೆಣ್ಣುಮಕ್ಕಳು ಇಷ್ಟು ಜೋರ ಒದರತಾರ ಅಂತ ಗೊತ್ತಿದ್ದಿಲ್ಲ. ನಮ್ಮ ಮನಿ ಫ್ಯಾನ್ ಅಳತೈತಿ. ನಾಳೆ ಅದಕ್ಕ ಎಣ್ಣಿ ಬಿಡೂದು.

ಮನಿಗೆ ಬಂದವನ ಹಲಗಿ ಹಿಡದೆ. ಮೊದಲನೇ ಹೊಡೆತಕ್ಕ ಕೈ ನಿಂತಿತು. ಸೃಷ್ಟಿ, ನಾ ಇಷ್ಟು ದಿನ ನುಡಿಸಿದ್ದು ಸಂಗೀತ ಅಲ್ಲ, ತಗಡಿನ ಪತರಾ ಕೊರದಂಗ ಐತಿ. ಕರ್, ಚರ್, ಕರ್. ನೀ ಹಬ್ಬದಾಗ ಇದನ್ನ ಕೇಳಿ ಹೌದ್ರಿ ಅಂದೀಯಲ್ಲ, ನಿನ್ನ ತಾಳ್ಮಿಗೆ ಶರಣು. ಹಲಗಿ ಗ್ವಾಡಿಗೆ ಆನಿಸಿ ಇಟ್ಟೆ. ನಿಮ್ಮ ಅತ್ತಿ ಚಹಾ ತಂದು ಮುಂದ ಇಟ್ಟು, "ಮೊದಲ ಹೊಲಸು ಇದ್ದದ್ದು ಗೊತ್ತಿದ್ದಿಲ್ಲ. ಈಗ ಗೊತ್ತಾತು. ಝಾಡಿಸೂದು ಅಷ್ಟ" ಅಂದ್ಲು. ಮನಿ ಹಸನ ಇಡೂವಾಕಿ ಅಕಿ, ಅಕಿಗೆ ಗೊತ್ತು.

ಐವತ್ತಕ್ಕ ಇಳದೀನಿ. ನಾಚಿಕಿಲ್ಲ. ಪಿಕ್ಕಿನ ಅಂಚನ್ನ ಸಾಣಿ ಕಾಗದದಲೆ ತಿಕ್ಕಿ ನುಣುಪು ಮಾಡೀನಿ, ಅರ್ಧ ಕರಕರ ಹೋತು. ಉಳಿದರ್ಧ ಹೋಗೂದು ಹ್ಯಾಂಗ?

ಮೊಬೈಲಿನ ಟಕ್ ಟಕ್ ಈಗ ಸ್ವಚ್ಛ ಕೇಳತೈತಿ. ಆದ್ರೂ ನಿಮ್ಮ ಅತ್ತಿ ಭುಜ ಬಡಿಯೂದು ಬಿಟ್ಟಿಲ್ಲ.

ಮಾಮಾ


ಪಾಲಿವಾಡ
ಡಿಸೆಂಬರ್ 19, 2024

ಮಾಮಾ,

ಉಳಿದರ್ಧ ಹೋಗಬೇಕಂದ್ರ ಪಿಕ್ ತಂತಿಗೆ ಓರೆ ತಾಗೂದು ಕಡಿಮಿ ಮಾಡ್ರಿ, ಮತ್ತ ಆಳ ಹೋಗಬ್ಯಾಡ್ರಿ. ತುದಿ ತಂತಿನ ಸವರಿಕೊಂಡು ಹೋಗಬೇಕು, ಅಗಿಯಬಾರದು. ಐವತ್ತು ಸ್ವಚ್ಛ ಬಂದ ಮ್ಯಾಲ ಒಂದು ಆಟ ಆಡ್ರಿ: ನಾಕು ಹೊಡೆತ ಸಾವಕಾಶ, ನಾಕು ಅದರ ಎರಡರಷ್ಟು ಜಲ್ದಿ, ಮತ್ತ ನಾಕು ಸಾವಕಾಶ. ಜಲ್ದಿ ಇದ್ದಾಗ ಕೈ ಬಿಗಿ ಆಗೂಕ್ಕಿಂತ ಮೊದಲ ಅದು ಮುಗದಿರತೈತಿ. ಕೈಗೆ ಅಂಜಾಕ ವ್ಯಾಳ್ಯಾ ಸಿಗೂದಿಲ್ಲ. ಇದನ್ನ ಯಾರೂ ಕಲಸಿಲ್ಲ, ಎಮ್ಮಿ ಕೊಟಿಗ್ಯಾಗ ಕುಂತು ನಾನ ಹುಡಕಿದ್ದು. ಕೊಟಿಗಿ ಬೆಚ್ಚಗ ಐತಿ, ಮತ್ತ ನಾ ತಪ್ಪಿದ್ರ ಎಮ್ಮಿ ಹೆಸರು ಇಡೂದಿಲ್ಲ.

ನಾ ಎಪ್ಪತ್ತರ ತಾಳದಾಗ ಅದೀನಿ. ದಿನಾ ಇಪ್ಪತ್ತೈದು ಮಿನಿಟು.

ಒಂದು ಸುದ್ದಿ. ಜನವರಿ ಹನ್ನೊಂದಕ್ಕ ಸಾಲಿ ಸ್ನೇಹ ಸಮ್ಮೇಳನ. ಊರ ಹೆಣ್ಣುಮಕ್ಕಳ ಫುಗಡಿ ಇರತೈತಿ, ಬಾಳವ್ವ ಮುಂದ ಹಾಡೂವಾಕಿ. ನನ್ನ ಕೊಟಿಗಿ ಅಭ್ಯಾಸ ಕೇಳಿ ಕೇಳಿ, "ಬಾಈ, ನಮ್ಮ ಹಾಡಿಗೆ ಹಿಂದ ನೀ ಟಿಂಗ್ ಟಿಂಗ್ ಮಾಡು" ಅಂದಾಳ. ಹೂಂ ಅಂದೀನಿ. ಅಂದ ಮ್ಯಾಲ ನೆನಪಾತು, ಫುಗಡಿ ಅಂದ್ರ ಕೈ ಕೈ ಹಿಡಕೊಂಡು ತಿರುಗಿದಂಗೆಲ್ಲಾ ಹಾಡು ಜಲ್ದಿ ಆಗತೈತಿ. ಎಷ್ಟು ಜಲ್ದಿ ಅನ್ನೂದು ಅವರ ಕೈಯಾಗ, ನನ್ನ ಕೈಯಾಗ ಅಲ್ಲ.

ನೀವು ಹಲಗಿ ತಗೊಂಡು ಬರ್ರಿ. ಒಬ್ಬಾಕಿ ವೇದಿಕಿ ಏರೂದು ನನ್ನಿಂದ ಆಗೂದಿಲ್ಲ. ಅತ್ತೀನೂ ಕರಕೊಂಡು ಬರ್ರಿ.

ಸೃಷ್ಟಿ


ಪಾಲಿವಾಡ
ಜನವರಿ 12, 2025

ಮಾಮಾ,

ನಿನ್ನೆ ಬಸ್ ಹತ್ತುವಾಗ ಮಾತಾಡಾಕ ವ್ಯಾಳ್ಯಾ ಆಗಲಿಲ್ಲ. ಹಿಂದಿನಿಂದ ಕಂಡಕ್ಟರ್ ಹಲಗಿ ಒಳಗ ತಗೋರಿ, ಹಲಗಿ ಒಳಗ ತಗೋರಿ ಅನ್ನಾಕತ್ತಿದ್ದ.

ನೀವು ನನ್ನ ಎಡಕ್ಕ ಕುಂತಿದ್ರಿ, ಅದಕ್ಕ ನನ್ನ ಬಲಗೈ ನಿಮಗ ಕಂಡಿರೂದಿಲ್ಲ. ಅದನ್ನ ಹೇಳಾಕ ಬರೀತೀನಿ. ಬಾಳವ್ವ ಸುರು ಮಾಡಿದ್ದು ಅರವತ್ತರಾಗ. ನೀವು ಒಂದ ತಂತಿ ಮ್ಯಾಲ ಕೆಳಗ, ಮ್ಯಾಲ ಹಿಡದ್ರಿ, ನಾ ಅದರ ಮ್ಯಾಲ ಹಾಡಿನ ಧಾಟಿ ನುಡಿಸಿದೆ. ಎಂಬತ್ತಾತು. ತೊಂಬತ್ತಾತು. ಅಲ್ಲಿತನಕ ಕೊಟಿಗ್ಯಾಗ ಕಲತಿದ್ದೆ. ಆಮ್ಯಾಲ ಆ ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ಜೋತು ಬಿದ್ದು ತಿರುಗಿದ್ರು ನೋಡ್ರಿ, ತೊಂಬತ್ತು ಎಲ್ಲೆ ಉಳೀತು. ನನ್ನ ಮೊಣಕೈ ಬಿಗಿ ಆತು. ಅದ ಬಿಗಿ, ಎರಡು ವರ್ಷದ ಹಿಂದಿಂದ. ಕೈ ನಿಲ್ಲತೈತಿ ಅಂತ ಗೊತ್ತಾತು.

ನಿಮ್ಮ ಕಡೆ ನೋಡಿದೆ. ನೀವು ತಾಳದಾಗ ಅರ್ಧ ಬಿಟ್ಟಿದ್ರಿ. ಅವರು ಎರಡು ಸಲ ಚಪ್ಪಾಳಿ ಹೊಡದ್ರ ನೀವು ತಂತಿಗೆ ಒಂದ ಹೊಡೆತ. ಅದನ್ನ ಯಾವಾಗ ಮಾಡಿದ್ರಿ, ನನಗ ಕೇಳಲಿಲ್ಲ. ನಾ ಅಂಜಿದ್ದು ನಿಮಗ ಕೇಳಿಸಿತ್ತು ಅನಸತೈತಿ. ನಾನೂ ಅರ್ಧ ಬಿಟ್ಟೆ. ಕೈ ಸಡಲಾತು. ನಾಕು ಸುತ್ತು ಹಂಗ ಹೋಗಿ, ಐದನೇ ಸುತ್ತಿಗೆ ನಾ ಅಂದುಕೊಳ್ಳಲಿಲ್ಲ ಮಾಮಾ, ಕೈ ತಾನ ಪೂರಾ ವೇಗಕ್ಕ ಹೋತು. ಒತ್ತಿದ್ದಿಲ್ಲ. ಎಳದಿದ್ದಿಲ್ಲ. ಒಂದೊಂದು ಸ್ವರ ಬಿಡಿ ಬಿಡಿ, ತೊಳದಿಟ್ಟಂಗ. ಬಾಳವ್ವ ಅಡ್ಡ ಬಿದ್ದು ನಗೂತನಕ ಅದು ನಡೀತು. ಎಷ್ಟು ವೇಗ ಇತ್ತು ಅಂತ ಅಳದಿಲ್ಲ. ಅಳೆಯಾಕ ನೆನಪಾಗಲಿಲ್ಲ.

ಇವತ್ತು ಮುಂಜಾನೆ ಎದ್ದು ಕೈ ನೋಡಿಕೊಂಡೆ. ನೋವಿಲ್ಲ. ಈ ಕಾಗದ ಅದ ಕೈಲೆ ಬರದೀನಿ, ಅಕ್ಷರ ನೋಡ್ರಿ. ಬಂಡೆಪ್ಪ ಸರ್ ಸೋಮವಾರದಿಂದ ಕಡೇ ಪಿರಿಯಡ್ ಗಿಟಾರಿಗೆ ಅಂದಾರ. ಇಪ್ಪತ್ತೇಳು ಮಕ್ಕಳು, ಒಂದ ಗಿಟಾರು. ಹಲಗಿ ಹ್ಯಾಂಗ ಮಾಡೂದು ಅಂತ ಅಳತಿ ಸಮೇತ ಬರದು ಕಳಸ್ರಿ.

ಸೃಷ್ಟಿ


ಖಾಸಬಾಗ
ಜನವರಿ 16, 2025

ಸೃಷ್ಟೀ,

ನಾ ಗೌರವ್ವ, ನಿಮ್ಮ ಅತ್ತಿ. ನಾ ಕಾಗದ ಬರದು ಹತ್ತು ವರ್ಷದ ಮ್ಯಾಲಾತು, ತಪ್ಪಿದ್ರ ಮಾಸ್ತರ್ತಿ ಆಗಿ ತಿದ್ದಿಕೋ. ಹಲಗಿ ಅಳತಿ ನಿಮ್ಮ ಮಾಮಾ ಬ್ಯಾರೆ ಹಾಳಿ ಮ್ಯಾಲ ಚಿತ್ರ ತಗದು ಇಟ್ಟಾರ. ಹತ್ತು ಹಲಗಿ ತಾವ ಮಾಡಿ ಬಸ್ಸಿಗೆ ಹಾಕ್ತೀನಿ ಅಂತಾರ. ಸಂಕ್ರಾಂತಿ ಎಳ್ಳು ಬೆಲ್ಲಾನೂ ಇಟ್ಟೀನಿ. ಬಾಳವ್ವಗೂ ಕೊಡು.

ಅವತ್ತು ಆ ಹೆಣ್ಣುಮಕ್ಕಳು ಹಾಡುವಾಗ ನನಗ ಸುಮ್ಮನ ಕುಂದರಾಕ ಆಗಲಿಲ್ಲ. ಕಾಕತಿಯೊಳಗ, ನನ್ನ ತವರಮನ್ಯಾಗ, ಪಂಚಮಿಗೆ ನಾವೂ ಫುಗಡಿ ಆಡತಿದ್ವಿ. ಅವರು ಮರಾಠಿಯೊಳಗ ಒಂದು ಸಾಲು ಅಂದ್ರ ನಾ ಅದ ಧಾಟಿಗೆ ನಮ್ಮ ಕನ್ನಡದ ಸಾಲು ಅಂದೆ. ಬಾಳವ್ವ ನನ್ನ ಕೈ ಹಿಡದು ನಡುವ ಎಳದಳು. ನೀ ನೋಡಿದಿ ಎಲ್ಲಾ.

ನೀ ನೋಡದ್ದು ಬಸ್ಸಿನ್ಯಾಗ ಆತು. ನಮ್ಮ ಬಸ್ಸಿನ ಪ್ರಯಾಣ ಅಂದ್ರ ನಿನಗ ಗೊತ್ತಲ್ಲ. ನಿಮ್ಮ ಮಾಮಾ ಖಿಡಕಿ ಕಡೆ ಮುಖ ಮಾಡತಾರ. ನಾ ಏನಾರೆ ಅಂದ್ರ ತಲಿ ಹಾಕ್ತಾರ, ಕೇಳಿ ಅಲ್ಲ, ಕೇಳದ. ಅದಕ್ಕ ಬರಬರುತ್ತ ನಾ ಹೇಳೂದು ಬಿಟ್ಟಿದ್ದೆ. ಬೇಕಾದಷ್ಟ ಮಾತು, ಉಪ್ಪು ಐತಿ, ಎಣ್ಣಿ ಇಲ್ಲ, ಇಷ್ಟ.

ಜಾಂಬೋಟಿ ದಾಟಿದ ಮ್ಯಾಲ ನನ್ನ ಕಡೆ ತಿರುಗಿ, "ನಿನ್ನ ದನಿ ಸಣ್ಣಗಾಗೈತಿ ಏನ?" ಅಂದ್ರು.

"ಸಣ್ಣಗಾಗಿಲ್ಲ. ನೀವು ಕೇಳದ ಹದಿನೈದು ವರ್ಷಾತು" ಅಂದೆ.

ಕಿವಿ ಮಷೀನ್ ಒಮ್ಮೆ ಮುಟ್ಟಿ ನೋಡಿಕೊಂಡ್ರು. ನಾ ಹಂಗ ಅನಬಾರದಿತ್ತು ಅಂತ ಅನಿಸ್ತು. ಒಂದೆರಡು ಊರು ಹೋದ ಮ್ಯಾಲ, "ಹಂಗಾದ್ರ ಹದಿನೈದು ವರ್ಷದ್ದು ಈಗ ಹೇಳು" ಅಂದ್ರು.

"ಎಲ್ಲಿಂದ ಹೇಳಲಿ?"

"ಎಲ್ಲಿಂದಾದ್ರೂ ಸುರು ಮಾಡು. ಸಾವಕಾಶ ಹೇಳು."

ನಾ ನಮ್ಮ ಅಕ್ಕನ ಮಗನ ಮದಿವ್ಯಾಗ ನಡದಿದ್ದ ಜಗಳದಿಂದ ಸುರು ಮಾಡಿದೆ. ಅವರಿಗೆ ಅಂಥಾ ಜಗಳ ಆಗಿದ್ದ ಗೊತ್ತಿಲ್ಲ, ಮುಂದಿನ ಸಾಲಿನ್ಯಾಗ ಊಟಕ್ಕ ಕುಂತಿದ್ರು. ಪೀರನವಾಡಿ ಬರೂತನಕ ಎರಡು ವರ್ಷದ್ದೂ ಮುಗದಿದ್ದಿಲ್ಲ. ಬೆಳಗಾವಿಯೊಳಗ ಬಸ್ಸಿನಿಂದ ಇಳದು, ಹಲಗಿಯ ಒಂದೊಂದು ತುದಿ ಇಬ್ಬರೂ ಬಗಲಾಗ ಹಿಡಕೊಂಡು ಮಾತಾಡಕೊಂತ ಮನಿಗೆ ಬಂದ್ವಿ.

ಈಗ ಅಡಗಿಮನಿ ಬಾಗಲಾಗ ಬಂದು ಕುಂತಾರ. ಮುಂದ ಏನಾತು ಅಂತ ಕೇಳಾಕತ್ತಾರ. ಇನ್ನೂ ಹನ್ನೊಂದು ವರ್ಷ ಉಳದಾವ, ಕಾಗದ ಇಲ್ಲಿಗೆ ಸಾಕು.

ನಿನ್ನ ಅತ್ತಿ,
ಗೌರವ್ವ